ಎಂಜಿನ್ ಕೋಣೆಯ ಕೆಸರು

ಎಂಜಿನ್ ಕೋಣೆಯ ಕೆಸರು ಎಂದರೆ ಕಚ್ಚಾ ರಸ್ತೆ, ಗದ್ದೆಯಂಚು ಮತ್ತು ಹಳ್ಳಗಳಲ್ಲಿ ಸಂಚರಿಸುವ ವಾಹನದ ಬಾನೆಟ್ಟಿನ ಅಡಿಯಲ್ಲಿ ಸೇರಿಕೊಂಡು ಒಣಗುವ ಮಣ್ಣು. ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮುಂಗಾರಿನಲ್ಲಿ ಜೀಪು, ಪಿಕ್‌ಅಪ್ ಮುಂತಾದ ವಾಹನಗಳಿಗೆ ಇದು ಸಾಮಾನ್ಯ ಸಮಸ್ಯೆ. ಕೆಸರು ಹಸಿಯಾಗಿರುವಾಗ ಸುಲಭವಾಗಿ ತೊಳೆದುಹೋಗುತ್ತದೆ. ಒಣಗಿ ಗಟ್ಟಿಯಾದ ಮೇಲೆ ಶಾಖವನ್ನೂ ತೇವವನ್ನೂ ಹಿಡಿದಿಟ್ಟು ಯಂತ್ರಭಾಗಗಳನ್ನು ಕೆಡಿಸುತ್ತದೆ.

ಮಣ್ಣಿನ ಸ್ವರೂಪ

ಈ ಭಾಗದಲ್ಲಿ ಎರಡು ಬಗೆಯ ಕೆಸರು ಕಂಡುಬರುತ್ತದೆ. ಮೊದಲನೆಯದು ಗುಡ್ಡ ಮತ್ತು ಘಟ್ಟದ ತಪ್ಪಲಿನ ಕೆಂಪು ಜಂಬಿಟ್ಟಿಗೆ ಮಣ್ಣು. ಕಬ್ಬಿಣದ ಆಕ್ಸೈಡ್‌ನಿಂದ ಕೆಂಪು ಬಣ್ಣ ಪಡೆದ ಈ ಮಣ್ಣಿನಲ್ಲಿ ಜೇಡಿಯ ನುಣುಪಾದ ಕಣಗಳಿರುವುದರಿಂದ ಬಿಸಿಯಾದ ಲೋಹದ ಮೇಲೆ ಅದು ಒಣಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎರಡನೆಯದು ಅಘನಾಶಿನಿ ಮತ್ತು ಶರಾವತಿ ನದಿಗಳ ಅಳಿವೆಯ ಕಪ್ಪು ಮಣ್ಣು. ಕುಮಟಾ ತಾಲೂಕಿನಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯ ಕೆಸರು ಈ ವರ್ಗಕ್ಕೆ ಸೇರಿದ್ದು. ಇದರಲ್ಲಿರುವ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣ, ಅಲ್ಯೂಮಿನಿಯಂ ಮತ್ತು ತಾಮ್ರದ ಸವೆತವನ್ನು ತೀವ್ರಗೊಳಿಸುತ್ತದೆ. ಆದ್ದರಿಂದ ಉಪ್ಪು ಕೆಸರು ಅಂಟಿದ ವಾಹನವನ್ನು ಅದೇ ದಿನ ತೊಳೆಯುವುದು ಸೂಕ್ತ.

ಪರಿಣಾಮಗಳು

ಮುಂಭಾಗದ ಜಾಲರಿ ಮತ್ತು ಚಕ್ರದ ಕಮಾನಿನ ಮೂಲಕ ಒಳಬರುವ ಕೆಸರನ್ನು ತಿರುಗುವ ಫ್ಯಾನ್ ಎಲ್ಲೆಡೆ ಎರಚುತ್ತದೆ. ಇದರಿಂದ ಮುಖ್ಯವಾಗಿ ಕೆಳಗಿನ ಭಾಗಗಳಿಗೆ ತೊಂದರೆಯಾಗುತ್ತದೆ:

• ರೇಡಿಯೇಟರ್: ಫಿನ್ ಎಂದು ಕರೆಯುವ ತೆಳು ಪಟ್ಟಿಗಳ ನಡುವೆ ಮಣ್ಣು ತುಂಬಿ ಗಾಳಿಯ ಹರಿವು ತಡೆಯಲ್ಪಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಸಮತಟ್ಟಾದ ದಾರಿಯಲ್ಲಿ ವೇಗದ ಗಾಳಿಯಿಂದಾಗಿ ಈ ದೋಷ ಗಮನಕ್ಕೆ ಬಾರದಿರಬಹುದು. ಕುಮಟಾ–ಶಿರಸಿ ಮಾರ್ಗದ ದೇವಿಮನೆ ಘಟ್ಟ ಅಥವಾ ಹೊನ್ನಾವರದಿಂದ ಮೇಲೇರುವ ಗೇರುಸೊಪ್ಪೆ ಘಟ್ಟದಲ್ಲಿ ಕಡಿಮೆ ಗೇರಿನಲ್ಲಿ ನಿಧಾನವಾಗಿ ಏರುವಾಗ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.
• ಆಲ್ಟರ್ನೇಟರ್ ಮತ್ತು ಬೆಲ್ಟ್: ಮಣ್ಣಿನ ಕಣಗಳು ಬ್ರಷ್ ಮತ್ತು ಬೇರಿಂಗ್‌ಗಳನ್ನು ಸವೆಸುತ್ತವೆ. ಬೆಲ್ಟ್ ಜಾರಿ ಕಿರುಗುಡುತ್ತದೆ; ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ.
• ಬ್ಯಾಟರಿ: ಮೇಲ್ಭಾಗದಲ್ಲಿ ಹರಡಿದ ಹಸಿ ಉಪ್ಪು ಕೆಸರು ಎರಡು ಟರ್ಮಿನಲ್‌ಗಳ ನಡುವೆ ವಿದ್ಯುತ್ ಸೋರಿಕೆಗೆ ದಾರಿಯಾಗುತ್ತದೆ.
• ಹೊಗೆಕೊಳವೆ: ಕೆಸರಿನೊಂದಿಗೆ ಸಿಕ್ಕಿಕೊಂಡ ಹುಲ್ಲು, ತರಗೆಲೆಗಳು ಒಣಗಿದ ಬಳಿಕ ಶಾಖದಿಂದ ಹೊತ್ತಿಕೊಳ್ಳುವ ಅಪಾಯವಿದೆ.

ಶುಚಿಗೊಳಿಸುವ ಕ್ರಮ

ಎಂಜಿನ್ ಕೈಯಿಂದ ಮುಟ್ಟುವಷ್ಟು ತಣ್ಣಗಾದ ಮೇಲೆ ಕೆಲಸ ಆರಂಭಿಸಬೇಕು. ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಬಿರುಕು ಮೂಡಬಹುದು. ಬ್ಯಾಟರಿಯ ಋಣ ಟರ್ಮಿನಲ್ ಕಳಚಿ, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ ಮತ್ತು ಗಾಳಿ ಒಳಹೋಗುವ ಬಾಯಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಲಾಗುತ್ತದೆ. ಒಣಗಿದ ಮಣ್ಣನ್ನು ಕೆರೆದು ತೆಗೆಯದೆ, ನೀರು ಚಿಮುಕಿಸಿ ನೆನೆಯಲು ಬಿಟ್ಟು ಮೃದುವಾದ ಬ್ರಷ್‌ನಿಂದ ಬಿಡಿಸಬೇಕು. ರೇಡಿಯೇಟರ್‌ಗೆ ಎಂಜಿನ್ ಕಡೆಯಿಂದ ಮುಂಭಾಗದತ್ತ, ಅಂದರೆ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ, ಕಡಿಮೆ ಒತ್ತಡದ ನೀರು ಹಾಯಿಸಿದರೆ ಮಣ್ಣು ಬಂದ ದಾರಿಯಲ್ಲೇ ಹೊರಬೀಳುತ್ತದೆ.

ವಾಟರ್ ಸರ್ವಿಸ್ ಕೇಂದ್ರಗಳಲ್ಲಿ ಬಳಸುವ ಅಧಿಕ ಒತ್ತಡದ ನೀರು ಫಿನ್‌ಗಳನ್ನು ಮಡಚಬಹುದು. ವೈರಿಂಗ್ ಜೋಡಣೆಗಳ ಒಳಗೂ ನುಗ್ಗಬಹುದು. ತೊಳೆದ ಬಳಿಕ ಡೀಸೆಲ್ ಸಿಂಪಡಿಸುವ ರೂಢಿಯೂ ಹಾನಿಕರ. ಅದು ರಬ್ಬರ್ ಕೊಳವೆ ಮತ್ತು ಬೆಲ್ಟ್‌ಗಳನ್ನು ಉಬ್ಬಿಸಿ ದುರ್ಬಲಗೊಳಿಸುತ್ತದೆ. ಅಳಿವೆಯ ಸಮೀಪದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದರಿಂದ ಕೊನೆಯ ಬಾರಿ ತೊಳೆಯಲು ಸಿಹಿನೀರನ್ನೇ ಬಳಸಬೇಕು. ಎಲ್ಲ ಭಾಗಗಳೂ ಒಣಗಿದ ನಂತರವೇ ಬ್ಯಾಟರಿಯನ್ನು ಮರುಜೋಡಿಸಬೇಕು.

ನೆರೆಗೆ ಸಿಲುಕಿದ ವಾಹನ

2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಪಟ್ಟಣ ಜಲಾವೃತವಾಗಿತ್ತು. ಇಂತಹ ನೆರೆಯಲ್ಲಿ ಮುಳುಗಿದ ವಾಹನವನ್ನು ಚಾಲನೆ ಮಾಡಲು ಯತ್ನಿಸಬಾರದು. ನೀರು ಗಾಳಿಯಂತೆ ಸಂಕುಚಿಸುವುದಿಲ್ಲ. ಸಿಲಿಂಡರಿನೊಳಗೆ ನೀರಿರುವಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್‌ನ ಕನೆಕ್ಟಿಂಗ್ ರಾಡ್ ಬಾಗಬಹುದು. ಸಂಪೀಡನ ಅನುಪಾತ ಹೆಚ್ಚಿರುವ ಡೀಸೆಲ್ ಎಂಜಿನ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಅಥವಾ ಎಂಜಿನ್ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆ ಎಂದು ತಿಳಿದು, ವಾಹನವನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಪರಿಸರದ ಮೇಲಿನ ಪರಿಣಾಮ

ಎಂಜಿನ್ ತೊಳೆದ ನೀರಿನಲ್ಲಿ ಆಯಿಲ್ ಮತ್ತು ಗ್ರೀಸ್ ಬೆರೆತಿರುತ್ತದೆ. ವಾಹನಗಳನ್ನು ಹಳ್ಳ ಅಥವಾ ಹೊಳೆಗೆ ಇಳಿಸಿ ತೊಳೆದಾಗ ಈ ಮಾಲಿನ್ಯ ಅಳಿವೆಯನ್ನು ಸೇರುತ್ತದೆ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ್ದು, ಮೀನುಗಾರಿಕೆ ಮತ್ತು ಚಿಪ್ಪಿಕಲ್ಲು ಸಂಗ್ರಹದಿಂದ ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿದೆ. ಹೀಗಾಗಿ ಹರಿಯುವ ನೀರಿನಿಂದ ದೂರದಲ್ಲಿ, ಜಿಡ್ಡನ್ನು ಬೇರ್ಪಡಿಸುವ ಗುಂಡಿಯಿರುವ ಸ್ಥಳದಲ್ಲಿ ತೊಳೆಯುವುದು ಉತ್ತಮ.