ಹೊಳವಾದ ಮೇಲೆ ಕುಸಿಯುವ ಹಿಮ

ಆಕಾಶದಿಂದ ಹಿಮ ಬಿದ್ದರೂ ‘ಹಿಮಪಾತ’, ಬಿದ್ದ ಹಿಮ ಬೆಟ್ಟದಿಂದ ಕುಸಿದರೂ ‘ಹಿಮಪಾತ’. ನಮ್ಮ ಪತ್ರಿಕೆಗಳಲ್ಲಿ ಹಲವೊಮ್ಮೆ ಎರಡಕ್ಕೂ ಒಂದೇ ಪದ. ಚಳಿಗಾಲದಲ್ಲಿ ಶಿವಮೊಗ್ಗ, ಭದ್ರಾವತಿಯಿಂದ ಹಿಮಾಲಯದ ಕೇದಾರಕಂಠಕ್ಕೋ ಬ್ರಹ್ಮತಾಲ್‌ಗೋ ರೈಲು ಹತ್ತುವ ಹುಡುಗ ಹುಡುಗಿಯರು ಮೊದಲನೆಯದಕ್ಕೆ ಹಂಬಲಿಸುತ್ತಾರೆ. ಎರಡನೆಯದರ ಮಾತು ಬರುವುದೇ ಅಪರೂಪ. ಗೊಂದಲವಾಗದಂತೆ ಅದನ್ನು ‘ಹಿಮಕುಸಿತ’ ಎಂದೇ ಕರೆಯೋಣ.

ಮಳೆ ಹೊಳವಾಯಿತೆಂದರೆ ಹೊರಟುಬಿಡುವುದು ಮಲೆನಾಡಿನ ರೂಢಿ. ಕೊಡಚಾದ್ರಿಯಲ್ಲಿ ಅದು ನಡೆಯುತ್ತದೆ. ಹಿಮಾಲಯದಲ್ಲಿ ರಾತ್ರಿಯೆಲ್ಲ ಹಿಮ ಸುರಿದು ಬೆಳಗ್ಗೆ ಬಿಸಿಲು ಹೊಳೆದ ದಿನಕ್ಕೇ ಹೆಚ್ಚು ಅಂಜಬೇಕು. ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮ, ಕೊರೆಯುವ ಚಳಿಯಲ್ಲಿ ಒಂದಕ್ಕೊಂದು ಅಂಟದ ಹರಳಾಗುತ್ತದೆ. ಅದರ ಮೇಲೆ ಹೊಸ ಹಿಮ ಗಟ್ಟಿ ಪದರವಾಗಿ ಕೂರುತ್ತದೆ. ಓರೆ ಮಣೆಯ ಮೇಲೆ ಸಕ್ಕರೆ ಹರಡಿ ಹಲಗೆ ಇಟ್ಟಂತೆ! ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬರ ಭಾರ ಸಾಕು, ಹಲಗೆಯೇ ಜಾರುತ್ತದೆ. ಆಗುಂಬೆ ಘಾಟಿಯ ಗುಡ್ಡ ಜರಿಯಲು ನೀರು ಸಾಕು, ನಮ್ಮ ಕಾಲು ಬೇಕಿಲ್ಲ. ಹಿಮದ್ದು ಹಾಗಲ್ಲ. ಪರ್ವತ ಸುತ್ತುವವರ ಜೀವ ತೆಗೆದ ಹಿಮಕುಸಿತಗಳಲ್ಲಿ ಹೆಚ್ಚಿನವನ್ನು ಕೆಣಕಿದ್ದು ಅವರೋ, ಅವರ ಜೊತೆಗಾರರೋ.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿಬಿದ್ದವರು ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡದವರು. 27 ಮಂದಿಯ ಶವ ಸಿಕ್ಕಿತು, ಇಬ್ಬರು ಪತ್ತೆಯಾಗಲಿಲ್ಲ. ಕಲಿಸುವವರು ಜೊತೆಗಿದ್ದ ತಂಡದ ಗತಿಯೇ ಹೀಗಾಯಿತು. 2024ರ ಜೂನ್‌ನಲ್ಲಿ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದ 9 ಚಾರಣಿಗರನ್ನು ಕೊಂದದ್ದು ಹಿಮಕುಸಿತವಲ್ಲ, ಹಿಮಬಿರುಗಾಳಿ. ಅದಕ್ಕೆ ಬೇಕಾದ ಎಚ್ಚರವೇ ಬೇರೆ.

ಸಿಯಾಚಿನ್ ಎಂದರೆ ನಮಗೆ ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಅಲ್ಲಿನ ಹಿಮಕುಸಿತದಲ್ಲಿ ಹೂತುಹೋದ ಆ ಯೋಧ, ದಿನಗಳ ಬಳಿಕವೂ ಹಿಮದಡಿ ಉಸಿರಾಡುತ್ತಿದ್ದರು. ನಾಡೇ ಪ್ರಾರ್ಥಿಸಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಂಥ ಬದುಕುಳಿವು ತೀರಾ ವಿರಳ. ಹೂತವರನ್ನು ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಬಹುಪಾಲು ಇಲ್ಲ. ಅಷ್ಟರೊಳಗೆ ಹೆಲಿಕಾಪ್ಟರ್ ಬರದು, ಪಕ್ಕದಲ್ಲಿದ್ದವರೇ ಅಗೆಯಬೇಕು. ಸಂಕೇತ ಕಳಿಸುವ ಮತ್ತು ಹಿಡಿಯುವ ಟ್ರಾನ್ಸೀವರ್, ಹಿಮ ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ: ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಿ ಅಭ್ಯಾಸವೂ ಇರಬೇಕು.

ಚಂಡೀಗಡದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ದುಡ್ಡು ಕಟ್ಟುವ ಮೊದಲೇ ಚಾರಣ ಸಂಘಟಕರನ್ನು ಕೇಳಿ: ಆ ಸೂಚನೆ ದಿನವೂ ನೋಡುತ್ತೀರಾ? ಹಾದಿ ಕಡಿದಾದ ಇಳಿಜಾರಿನ ಕೆಳಗೆ ಹಾಯುತ್ತದೆಯೇ? ಹೊಸ ಹಿಮ ಬಿದ್ದರೆ ಎಷ್ಟು ದಿನ ಕಾಯುತ್ತೀರಿ? ಸರಿಯಾದ ಉತ್ತರ ಸಿಗದಿದ್ದರೆ ದಯವಿಟ್ಟು ಆ ತಂಡದ ಜೊತೆ ಹೋಗಬೇಡಿ.