ಅಣ್ಣನ ಕಾಲಿನ ನಿಶ್ಶಕ್ತಿ ಮತ್ತು ತಂಗಿಯ ಸಂತಾನ

ನಮ್ಮ ಹಳ್ಳಿಗಳಲ್ಲಿ ನಾಲ್ಕೈದು ವರ್ಷದ ಗಂಡುಮಗು ಪದೇ ಪದೇ ಎಡವಿ ಬೀಳತೊಡಗಿದರೆ, ದೃಷ್ಟಿ ತಾಗಿತೆಂದೋ, ವಾಯುವೆಂದೋ, ಪೋಲಿಯೊ ಎಂದೋ ಹೇಳುವ ರೂಢಿಯುಂಟು. ಎಣ್ಣೆ ತಿಕ್ಕುವುದು, ಬರೆ ಹಾಕಿಸುವುದು, ಹರಕೆ ಹೊರುವುದು ಇವೆಲ್ಲ ನಡೆಯುತ್ತಿರುವಾಗಲೇ ವರ್ಷಗಳು ಉರುಳುತ್ತವೆ. ಹುಡುಗನು ನಡೆಯಲಾರದವನಾಗುತ್ತಾನೆ, ಅವನ ತಂಗಿಯು ಬೆಳೆದು, ಮದುವೆಯಾಗಿ, ಗಂಡನ ಮನೆ ಸೇರುತ್ತಾಳೆ. ಅಣ್ಣನ ಕಾಯಿಲೆಗೂ ತಂಗಿಯ ಸಂತಾನಕ್ಕೂ ಸಂಬಂಧವಿರಬಹುದೆಂಬ ಸಂಗತಿಯನ್ನು ಎರಡೂ ಮನೆಯವರು ತಿಳಿದಿರುವುದಿಲ್ಲ.

ಗರ್ಭಿಣಿಯರ ತಪಾಸಣೆಗೆಂದು ಗಂಡನೊಡನೆ ಬಂದ ಒಬ್ಬ ತರುಣಿಯು ತಾಯಿ ಕಾರ್ಡು ಬರೆಸಿಕೊಂಡ ಮೇಲೆ ಸಂಕೋಚದಿಂದಲೇ ಕೇಳಿದಳು: "ಸಾರ್, ತವರಲ್ಲಿ ನಮ್ಮಣ್ಣನಿಗೆ ಕಾಲಲ್ಲಿ ಶಕ್ತಿ ಇಲ್ಲ. ಮೊದಲು ಮೆಟ್ಟಿಲು ಹತ್ತೋದು ಕಷ್ಟವಾಗಿತ್ತು, ಈಗ ಕೂತರೆ ಏಳೋಕಾಗಲ್ಲ. ಅವನಿಗೆ ಏನಾದರೂ ಟಾನಿಕ್ ಬರೆದುಕೊಡ್ತೀರಾ?" ಹೆಣ್ಣು ನೋಡಲು ಬಂದ ದಿನ ಆ ಅಣ್ಣನನ್ನು ಒಳಕೋಣೆಯಲ್ಲಿ ಕೂರಿಸಿದ್ದರಂತೆ. ಆಕೆಗಾಗ ಎರಡು ತಿಂಗಳು ತುಂಬಿತ್ತು. ಟಾನಿಕ್ಕಿಗಿಂತ ಮೊದಲು ಆ ಅಣ್ಣನ ಕಾಯಿಲೆಯ ಹೆಸರು ತಿಳಿಯುವುದು ಅವಶ್ಯವಾಗಿತ್ತು.

ಪೋಲಿಯೊ ಜ್ವರದೊಡನೆ ಬಂದು ಕೆಲವೇ ದಿನಗಳಲ್ಲಿ ಅಂಗವನ್ನು ಕೆಡಿಸುತ್ತದೆ. ಅನಂತರ ಬಾಲ್ಯದುದ್ದಕ್ಕೂ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಸೊಂಟ ಮತ್ತು ತೊಡೆಯ ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಬರುವ ಬೇರೊಂದು ರೋಗವಿದೆ. ಇದಕ್ಕೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂದು ಹೆಸರು. ಹುಡುಗನು ತುದಿಗಾಲಲ್ಲಿ ತೂಗಾಡುತ್ತಾ ನಡೆಯುವನು. ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ, ತನ್ನ ಮೈಯನ್ನೇ ತಾನು ಹತ್ತಿದಂತೆ ಮೇಲೇಳುವನು. ಮೀನಖಂಡಗಳು ಮಾತ್ರ ದಪ್ಪನಾಗಿ ಕಾಣುತ್ತವೆ. "ಕಾಲು ಎಷ್ಟು ಗಟ್ಟಿಯಾಗಿವೆ ನೋಡಿ" ಎಂದು ಹಿರಿಯರು ಮೋಸಹೋಗುವುದು ಇಲ್ಲಿಯೇ. ಚಿಕಿತ್ಸೆಯಿಲ್ಲದಿದ್ದರೆ ಸುಮಾರು 12ನೆಯ ವಯಸ್ಸಿನೊಳಗೆ ನಡಿಗೆ ನಿಲ್ಲುತ್ತದೆ. ಇದರದೇ ಸೌಮ್ಯರೂಪವಾದ ಬೆಕರ್ ಎಂಬುದರಲ್ಲಿ ಯೌವನದಲ್ಲಿಯೂ ನಡೆದಾಡುವವರುಂಟು. ಎರಡರಲ್ಲಿಯೂ ಹೃದಯಕ್ಕೆ ತೊಂದರೆ ತಗಲಬಹುದು.

ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆಯಲ್ಲಿ ಅಂಶವು ಬಹಳ ಹೆಚ್ಚಾಗಿದ್ದರೆ ಅನುಮಾನ ಬಲವಾಗುತ್ತದೆ. ಮಾಂಸಖಂಡ ಸವೆದಾಗ, ಪಿತ್ತಜನಕಾಂಗದ ಪರೀಕ್ಷೆಯಲ್ಲಿ ನೋಡುವ ಕೆಲವು ಅಂಶಗಳೂ ಏರುತ್ತವೆ. ಇದನ್ನು ಅರಿಯದೆ ಕಾಮಾಲೆಯೆಂದು ಬಗೆದು ತಿಂಗಳುಗಟ್ಟಲೆ ಪಥ್ಯ ಮಾಡಿಸಿದ ಮನೆಗಳೂ ಇವೆ.

ಈ ರೋಗವು ಸಂತಾನಕ್ಕೆ ಸಾಗುವ ಬಗೆಯನ್ನು ದಂಪತಿಗಳು ಅರಿಯಬೇಕು. ಹೆಂಗಸಿನ ಶರೀರದಲ್ಲಿ ಎಕ್ಸ್ ಎಂಬ ವರ್ಣತಂತುಗಳು ಎರಡು, ಗಂಡಸಿನಲ್ಲಿ ಒಂದೇ. ದೋಷವಿರುವುದು ಈ ತಂತುವಿನಲ್ಲಿ. ಹೆಂಗಸಿನ ಒಂದು ತಂತು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುವುದರಿಂದ ಆಕೆ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾಳೆ. ಆದರೆ ದೋಷವನ್ನು ಹೊತ್ತಿರುತ್ತಾಳೆ. ಆಕೆಗೆ ಹುಟ್ಟುವ ಪ್ರತಿಯೊಂದು ಗಂಡುಮಗುವಿಗೂ ರೋಗ ಬರುವ ಸಂಭವ ಎರಡರಲ್ಲಿ ಒಂದು ಪಾಲು. ಪ್ರತಿಯೊಂದು ಹೆಣ್ಣುಮಗುವೂ ತಾಯಿಯಂತೆ ದೋಷ ಹೊರುವ ಸಂಭವವೂ ಅಷ್ಟೇ. ಮೊದಲನೆಯವನಿಗೆ ಬಂದುದರಿಂದ ಎರಡನೆಯವನು ಪಾರಾದನೆಂದು ತಿಳಿಯಬಾರದು. ಪ್ರತಿ ಬಸಿರಿನಲ್ಲಿಯೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ತಾಯಿಯಲ್ಲಿಯೂ ದೋಷವಿರುವುದಿಲ್ಲ, ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ. ಆದುದರಿಂದ ಸೊಸೆಯನ್ನು ದೂಷಿಸುವವರ ಮಾತಿಗೆ ಯಾವ ಆಧಾರವೂ ಇಲ್ಲ. ಸೋದರಮಾವನನ್ನು ಮದುವೆಯಾದದ್ದು ಈ ರೋಗಕ್ಕೆ ಕಾರಣವಲ್ಲ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಮಾಂಸಖಂಡ ರೋಗಗಳು ಬೇರೆ ಇವೆ, ಅವು ಹೆಣ್ಣುಮಕ್ಕಳಿಗೂ ಬರುತ್ತವೆ.

ಮೊದಲು ಪರೀಕ್ಷಿಸಬೇಕಾದುದು ಅಣ್ಣನನ್ನು. ಅವನ ರಕ್ತದಿಂದ ವಂಶವಾಹಿಯ ದೋಷವು ಎಲ್ಲಿದೆಯೆಂದು ಗೊತ್ತಾದರೆ, ಅದೇ ದೋಷವು ತಂಗಿಯಲ್ಲಿದೆಯೇ ಎಂದು ಹುಡುಕುವುದು ಸುಲಭ. ತಂಗಿಯ ಕ್ರಿಯಾಟಿನ್ ಕೈನೇಸ್ ಸರಿಯಾಗಿದೆಯೆಂಬುದನ್ನೇ ನಂಬಿ ಸುಮ್ಮನಿರುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ರೋಗಗಳ ತಜ್ಞರಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಪತ್ರ ಪಡೆದು ಹೋಗುವುದು ಉತ್ತಮ. ಗರ್ಭ ಧರಿಸುವ ಮೊದಲೇ ಹೋದರೆ ಆತುರವಿರುವುದಿಲ್ಲ. ಗರ್ಭಿಣಿಯಾಗಿದ್ದರೆ 11ನೆಯ ವಾರ ತುಂಬಿದ ಮೇಲೆ ಶಿಶುವಿಗೆ ದೋಷವಿದೆಯೇ ಎಂದು ಪರೀಕ್ಷಿಸಲು ಸಾಧ್ಯವಿದೆ. 1994ರ ಕಾಯಿದೆಯು ಇಂತಹ ರೋಗಕ್ಕಾಗಿ ಮಾಡುವ ಪರೀಕ್ಷೆಗೆ ಅವಕಾಶವಿತ್ತಿದೆ. ಗಂಡೋ ಹೆಣ್ಣೋ ಎಂದು ಆರಿಸಲು ಅಲ್ಲ. ಫಲಿತಾಂಶ ತಿಳಿದ ಮೇಲೆ ಮುಂದೇನೆಂಬುದು ದಂಪತಿಗಳಿಬ್ಬರೂ ವೈದ್ಯರೊಡನೆ ಕುಳಿತು ನಿರ್ಧರಿಸತಕ್ಕ ವಿಷಯ, ಅತ್ತೆಮಾವಂದಿರು ಒತ್ತಾಯಪಡಿಸಬಾರದು.

ಮೇಲೆ ಹೇಳಿದ ತರುಣಿಯಲ್ಲಿ ದೋಷವಿರಲಿಲ್ಲ. ಆದರೆ ಆಕೆಯ ಅಕ್ಕನಲ್ಲಿತ್ತು. ಆ ಅಕ್ಕನಿಗೆ ಎರಡು ವರ್ಷದ ಮಗನಿದ್ದನು.

ಕಾಲಿನ ನಿಶ್ಶಕ್ತಿಯೆಲ್ಲವೂ ವಂಶದ ರೋಗವೆಂದು ಭಾವಿಸಿ ಕೈಚೆಲ್ಲುವುದೂ ಸಲ್ಲದು. ಎರಡೂ ಕಾಲು ಕೆಲವೇ ದಿನಗಳಲ್ಲಿ ಸೋತು, ಸೋಲು ಮೇಲಕ್ಕೇರುತ್ತಿದ್ದರೆ ಉಸಿರಾಟವೇ ನಿಲ್ಲುವ ಭಯವುಂಟು; ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೆನ್ನುನೋವು, ಸಂಜೆಯ ಜ್ವರ, ಮೈ ಇಳಿಯುವುದು ಇವುಗಳೊಡನೆ ಕಾಲು ಸೋಲುತ್ತಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಬೇಗ ಆರಂಭಿಸಿದರೆ ಕಾಲು ಉಳಿಯುವ ಸಂಭವ ಹೆಚ್ಚು. ಮೂತ್ರ ಕಟ್ಟಿಕೊಂಡರೆ ಒಂದು ದಿನವೂ ತಡೆಯಬಾರದು.

ಇನ್ನು ಅಣ್ಣನ ವಿಷಯ. ಡುಶೇನ್ ರೋಗವನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಆದರೆ ತಜ್ಞರು ಕೊಡುವ ಸ್ಟಿರಾಯ್ಡ್ ಮಾತ್ರೆಗಳಿಂದ ಹುಡುಗರು ಇನ್ನೂ ಕೆಲವು ವರ್ಷ ನಡೆದಾಡುವಂತಾಗುತ್ತದೆ. ಅಂಗಡಿಯಿಂದ ತಾವಾಗಿ ತಂದು ನುಂಗಿಸಬಾರದು, ತಟ್ಟನೆ ನಿಲ್ಲಿಸಲೂಬಾರದು. ಹಿಮ್ಮಡಿಯ ನರ ಬಿಗಿಯದಂತೆ ಪಾದವನ್ನು ಮೃದುವಾಗಿ ಮೇಲಕ್ಕೆ ಬಾಗಿಸುವ ವ್ಯಾಯಾಮವನ್ನು ಮನೆಯವರು ದಿನವೂ ಮಾಡಿಸಬಹುದು. ಬಲವಂತದ ಕಸರತ್ತು ಕೇಡು. ವರ್ಷಕ್ಕೊಮ್ಮೆ ಹೃದಯದ ಪರೀಕ್ಷೆಯಾಗಬೇಕು. ದೋಷ ಹೊತ್ತ ತಾಯಿ, ತಂಗಿಯರೂ ಆಗಾಗ ತೋರಿಸಿಕೊಳ್ಳಬೇಕು. ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ಕೊಡುವ ವೈದ್ಯರಿಗೆ ರೋಗದ ಹೆಸರನ್ನು ತಪ್ಪದೆ ಹೇಳಬೇಕು, ಏಕೆಂದರೆ ಕೆಲವು ಔಷಧಿಗಳು ಇವರಿಗೆ ಪ್ರಾಣಾಪಾಯ ತರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗವೂ ಸೇರಿದೆ. ಗುರುತಿನ ಚೀಟಿಗೆ ಅರ್ಜಿ ಹಾಕಲು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ.