ಧಾರೆಯ ಹೊತ್ತಿಗೆ ನಿಂತುಹೋದ ಚಿತ್ರ

ಅಂತರಪಟ ಸರಿಯುತ್ತದೆ, ಗಟ್ಟಿಮೇಳ ಏರುತ್ತದೆ. ಜೀರಿಗೆ ಬೆಲ್ಲ ಹಿಡಿದ ಮದುಮಗಳ ಕೈ ಮೇಲೆದ್ದದ್ದು ಹಾಗೆಯೇ ಗಾಳಿಯಲ್ಲಿ ನಿಂತುಬಿಡುತ್ತದೆ. ನಾದಸ್ವರ ಮಾತ್ರ ಹರಿಯುತ್ತಲೇ ಇದೆ. ಚಿತ್ರ ಮತ್ತೆ ಹೊರಡುವಷ್ಟರಲ್ಲಿ ಜೀರಿಗೆ ಬೆಲ್ಲ ಮದುಮಗನ ತಲೆಯ ಮೇಲಿದೆ! ಕತ್ತರಿ ಹಾಕಬೇಕಾದ ಜಾಗವೇ ಕಣ್ಣಿಗೆ ಬೀಳಲಿಲ್ಲ. “ಅಣ್ಣಾ, ರ‍್ಯಾಮ್ ಸಾಲ್ತಿಲ್ಲ, ಇನ್ನೊಂದು ಹಾಕ್ಸೋಣ” ಎಂದ ಜೊತೆಗಿದ್ದ ಹುಡುಗ. ಹಾಕಿಸಿದೆವು. 16 ಜಿಬಿ ಇದ್ದದ್ದು 32 ಆಯಿತು. ಕೈ ಅಲ್ಲೇ ನಿಂತಿತ್ತು.

ಇದೇ ಮೇಜಿನ ಮೇಲೆ, ಇದರ ಕಾಲುಭಾಗ ತಾಕತ್ತೂ ಇಲ್ಲದ ಕಂಪ್ಯೂಟರಿನಲ್ಲಿ, ಮಿನಿ ಡಿವಿ ಕ್ಯಾಸೆಟ್ಟಿನ ಎಷ್ಟೋ ಮದುವೆಗಳನ್ನು ಸಲೀಸಾಗಿ ಎಡಿಟ್ ಮಾಡಿದ್ದೇನೆ. ಆಗ ಇಲ್ಲದ ತೊಡಕು ಈಗ ಬಂದದ್ದೆಲ್ಲಿಂದ?

ಉತ್ತರ ಇರುವುದು ಚಿತ್ರವನ್ನು ಒತ್ತಿ ಮಡಚುವ ವಿದ್ಯೆಯಲ್ಲಿ. ಫುಲ್ ಎಚ್‌ಡಿಯ ಒಂದು ಫ್ರೇಮ್‌ಗೆ ಸುಮಾರು 62 ಲಕ್ಷ ಬೈಟ್ ಬೇಕು. ಸೆಕೆಂಡಿಗೆ 25 ಫ್ರೇಮ್ ಎಂದರೆ ಹದಿನೈದೂವರೆ ಕೋಟಿ. ಅದನ್ನು ಹಾಗೇ ಹೊರುವುದು ಆಗದ ಮಾತು. ದಾರಿ ತೋರಿಸಿದವರು ನಮ್ಮವರೇ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂದು ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. 1972ರಲ್ಲಿ ಅವರು ತಮ್ಮ ಯೋಚನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಕೇಳಿದರು, ಸಿಗಲಿಲ್ಲ. ಆದರೂ ಬಿಡದೆ ಕೆಲಸ ಮಾಡಿ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಪ್ರಕಟಿಸಿದರು. ಚಿತ್ರದ ಒಂದೊಂದು ಚೌಕವನ್ನೂ ದಪ್ಪ ಅಲೆ, ಸಣ್ಣ ಅಲೆಗಳಾಗಿ ಬಿಡಿಸಿ, ಕಣ್ಣು ಅಷ್ಟಾಗಿ ಗುರುತಿಸದ ಸಣ್ಣವುಗಳನ್ನು ಕಡಿಮೆ ಮಾಡಿದರೆ ಗಂಟು ಹಗುರವಾಗುತ್ತದೆ. ಬೆಂಗಳೂರಿನ ಯಾವ ವೃತ್ತಕ್ಕಾದರೂ ಇಡಬೇಕಾದ ಹೆಸರು ಇವರದು.

ಜೆಪಿಇಜಿ ಚಿತ್ರ, 1995ರಲ್ಲಿ ಬಂದ ಡಿವಿ ಕ್ಯಾಸೆಟ್, ಎರಡರ ಒಳಗೂ ಇದೇ ಗಣಿತ. ಡಿವಿಯಲ್ಲಿ ಪ್ರತಿ ಫ್ರೇಮ್ ತನ್ನಷ್ಟಕ್ಕೆ ಪೂರ್ತಿ. ಗಂಟೆಗೆ ಸುಮಾರು 13 ಜಿಬಿ ನುಂಗುತ್ತಿತ್ತು, ನಿಜ. ಆದರೆ ಎಲ್ಲಿ ಬೇಕಾದರೂ ಕೈಯಿಟ್ಟು ತೆಗೆಯಬಹುದಿತ್ತು. 2003ರ ಎಚ್‌ಡಿವಿ ಅದೇ ಪುಟ್ಟ ಕ್ಯಾಸೆಟ್ಟಿಗೆ ಎಚ್‌ಡಿ ಚಿತ್ರ ತುಂಬಲು ಹೊರಟಿತು, ಅದೇ ವರ್ಷ ಎಚ್.264 ಎಂಬ ಒತ್ತುವ ವಿಧಾನ ಬಂತು. ಇವುಗಳಲ್ಲಿ ಲೆಕ್ಕವೇ ಬೇರೆ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಹಳೆಬಾಕಿ, ಆಮೇಲೆ ಬರೀ ಇಷ್ಟು ಕೊಟ್ಟೆ, ಇಷ್ಟು ತಗೊಂಡೆ. ಹನ್ನೊಂದನೇ ತಾರೀಖಿನ ಬಾಕಿ ಎಷ್ಟೆಂದರೆ ಶೆಟ್ಟರು ಮೇಲಿನಿಂದ ಕೂಡಿಕೊಂಡೇ ಬರಬೇಕು. ಎಚ್.264, ಎಚ್.265 ಕಡತಗಳೂ ಹಾಗೆ. ಆಗಾಗ ಒಂದು ಪೂರ್ಣ ಫ್ರೇಮ್, ನಡುವೆ ಬದಲಾವಣೆಗಳ ಟಿಪ್ಪಣಿ ಮಾತ್ರ. ಕೆಲವು ಟಿಪ್ಪಣಿಗಳು ಮುಂದೆ ಬರುವ ಫ್ರೇಮನ್ನೂ ನೆಚ್ಚಿಕೊಂಡಿರುತ್ತವೆ. ಸುಮ್ಮನೆ ಕೂತು ನೋಡುವವರಿಗೆ ತೊಂದರೆಯಿಲ್ಲ. ಎಡಿಟರ್ ಹಿಂದೆ ಮುಂದೆ ಜಿಗಿಯುತ್ತಾನೆ, ಪ್ರತಿ ಜಿಗಿತಕ್ಕೂ ಪ್ರೊಸೆಸರ್ ಹೊಸದಾಗಿ ಕೂಡಿಸಬೇಕು. ಅದೂ ಈ ಮದುವೆಯ ನಮ್ಮ ಕಡತ ಬಣ್ಣದ ವಿವರ ಹೆಚ್ಚು ಹಿಡಿದಿಡುವ 10 ಬಿಟ್‌ನ 4:2:2 ನಮೂನೆಯದು. ಅದನ್ನು ಬಿಚ್ಚುವ ಚಿಪ್ ಬಹಳ ಕಾಲ ಹೆಚ್ಚಿನ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಇರಲೇ ಇಲ್ಲ. ರ‍್ಯಾಮ್ ಏನು ಮಾಡೀತು?

ಮದ್ದು ಸಿನಿಮಾದಷ್ಟೇ ಹಳೆಯದು. ಕನ್ನಡ ಚಿತ್ರಗಳು ಮದ್ರಾಸಿನ ಲ್ಯಾಬುಗಳಲ್ಲಿ ತೊಳೆದು ಬರುತ್ತಿದ್ದ ಕಾಲದಲ್ಲೂ ಎಡಿಟರ್ ನೆಗೆಟಿವ್ ಮುಟ್ಟುತ್ತಿರಲಿಲ್ಲ. ನೆಗೆಟಿವ್‌ನಿಂದ ತೆಗೆದ ರಷ್ ಪ್ರಿಂಟ್ ಎಂಬ ಪ್ರತಿಯನ್ನು ಕತ್ತರಿಸಿ ಅಂಟಿಸುತ್ತಿದ್ದರು, ಕೊನೆಗೆ ಫಿಲ್ಮಿನ ಅಂಚಿನ ನಂಬರ್ ಹೊಂದಿಸಿ ನೆಗೆಟಿವ್ ಕತ್ತರಿಸುತ್ತಿದ್ದರು. 1971ರ ಸಿಎಂಎಕ್ಸ್ 600 ಎಂಬ ಎಡಿಟಿಂಗ್ ಯಂತ್ರ ಡಿಸ್ಕಿನಲ್ಲಿಟ್ಟದ್ದು ಮಸುಕಾದ ಕಪ್ಪು ಬಿಳುಪು ಪ್ರತಿಯನ್ನು. 1989ರ ಅವಿಡ್ ಎಂಬ ಕಂಪ್ಯೂಟರ್ ಎಡಿಟಿಂಗ್ ವ್ಯವಸ್ಥೆ ಕೂಡ ಮೊದಮೊದಲು ಒರಟು ಚಿತ್ರದಲ್ಲೇ ಕೆಲಸ ಮುಗಿಸಿ, ಕಟ್‌ಗಳ ಪಟ್ಟಿಯನ್ನು ಟೇಪ್ ಕೋಣೆಗೆ ಕಳಿಸುತ್ತಿತ್ತು. ಎಡಿಟ್‌ಗೆಂದೇ ಮಾಡಿಕೊಳ್ಳುವ ಹಗುರ ನಕಲು, ಅಂದರೆ ಇಂದಿನ ಪ್ರಾಕ್ಸಿ, ಅದೇ ರಷ್ ಪ್ರಿಂಟ್.

ಆ ರಾತ್ರಿ ಎಲ್ಲ 4ಕೆ ಕ್ಲಿಪ್‌ಗಳಿಗೂ ಕಾಲು ಅಳತೆಯ ಪ್ರೊರೆಸ್ ಪ್ರಾಕ್ಸಿ ಮಾಡಲು ಹಾಕಿ ಮಲಗಿದೆವು. ಅದರಲ್ಲಿ ಮತ್ತೆ ಪ್ರತಿ ಫ್ರೇಮೂ ಪೂರ್ತಿ. ಮದುಮಗಳ ತಮ್ಮ ಮೊಬೈಲಿನಲ್ಲಿ ತೆಗೆದದ್ದರ ರೋಗ ಬೇರೆಯೇ ಇತ್ತು. ಫ್ರೇಮ್‌ಗಳ ವೇಗ ಏರಿಳಿದು ಮಂತ್ರ ಒಂದು ಕಡೆ, ತುಟಿ ಒಂದು ಕಡೆ. ಅದನ್ನು ಮೊದಲು 25 ಫ್ರೇಮ್‌ಗಳ ಒಂದೇ ವೇಗಕ್ಕೆ ಬದಲಿಸಿಕೊಂಡೆವು. ಮೂಲ ಕಡತಗಳು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇದ್ದವು, ಎಕ್ಸ್‌ಪೋರ್ಟ್ ಅವುಗಳಿಂದಲೇ.

ಬೆಳಿಗ್ಗೆ ಪ್ರಾಕ್ಸಿ ಗುಂಡಿ ಒತ್ತಿ ಸ್ಪೇಸ್ ಬಾರ್ ಮುಟ್ಟಿದೆ. ಅಂತರಪಟ ಸರಿಯಿತು, ಕೈ ಎದ್ದಿತು, ನಿಲ್ಲಲಿಲ್ಲ. ಬಾಣದ ಗುರುತಿನ ಕೀಲಿಯಲ್ಲಿ ಒಂದೊಂದೇ ಫ್ರೇಮ್ ಹಿಂದೆ ಬಂದೆ. ಮುಷ್ಟಿ ಬಿಚ್ಚುವ ಫ್ರೇಮ್ ಸಿಕ್ಕಿತು.